ಜರಡಿಯಲ್ಲಿ ನೀರು ತಂದ ಮಲತಾಯಿ

ನಾನು ಮೂವತ್ತು ವರ್ಷ ಹೇಳಿಕೊಂಡು ಬಂದ ಕತೆಯ ಮಲತಾಯಿ ಹೋದ ಶನಿವಾರ ನಮ್ಮನೆಗೆ ಬಂದಳು.

ಹುಣಸೂರಿನಲ್ಲಿ ಬಸ್ ಬದಲಾಯಿಸಿ, ಪಿರಿಯಾಪಟ್ಟಣದಲ್ಲಿ ಇಳಿದು, ಅಲ್ಲಿಂದ ಆಟೋದಲ್ಲಿ ಬಂದಳು. ಕೈಯಲ್ಲಿ ಒಂದು ಚಿಪ್ಪು ಏಲಕ್ಕಿ ಬಾಳೆಹಣ್ಣು. ಕೋರೆಹಲ್ಲು ಇರಲಿಲ್ಲ. ಕೆಂಪು ಕಣ್ಣು ಇರಲಿಲ್ಲ. ವಯಸ್ಸು ಮೂವತ್ತರ ಆಸುಪಾಸು. ಹೆಸರು ಪವಿತ್ರ.

(ನನ್ನ ಕತೆಯಲ್ಲಿ ಅವಳಿಗೆ ಹೆಸರೇ ಇರಲಿಲ್ಲ. ಅದು ನನಗೆ ಹೊಳೆದದ್ದು ಆವತ್ತೇ.)

ಈ ಅಂಕಣ ಓದುವವರಿಗೆ ನನ್ನ ಮನೆಯ ವಿಷಯ ಗೊತ್ತು. ಗೊತ್ತಿಲ್ಲದವರಿಗೆ ಎರಡು ಮಾತು. ನಾನು ಅಂಗನವಾಡಿ ಟೀಚರ್ ಆಗಿದ್ದವಳು, ಈಗ ರಿಟೈರ್ಡ್. ಇದ್ದ ಒಬ್ಬಳೇ ಮಗಳು ಗೀತಾ ಎರಡು ವರ್ಷದ ಹಿಂದೆ ಜ್ವರ ಬಂದು ಹೋದಳು. ಅವಳ ಮಗಳು ಧನ್ಯ ನಮ್ಮ ಹತ್ತಿರ ಇದ್ದಾಳೆ, ಎರಡನೇ ಕ್ಲಾಸು. ಅಳಿಯ ಮಂಜುನಾಥ ಕೆ.ಆರ್. ನಗರದಲ್ಲಿ ಲೈನ್‌ಮನ್. ಶ್ರಾವಣದಲ್ಲಿ ಅವರು ಇನ್ನೊಂದು ಮದುವೆ ಆದರು. ದೇವಸ್ಥಾನದಲ್ಲಿ, ಸಿಂಪಲ್ಲಾಗಿ. ನಮಗೂ ಹೇಳಿದ್ದರು. ನಾವು ಹೋಗಲಿಲ್ಲ.

ಅಳಿಯ ಕೆಟ್ಟವರಲ್ಲ. ಮದುವೆಗೆ ಮುಂಚೆ ಬಂದು ನನ್ನ ಎದುರಿಗೆ ಕೂತು ಒಂದು ಮಾತು ಹೇಳಿ ಹೋಗಿದ್ದರು.

"ಮಗು ಒಪ್ಪಿದ್ರೆ ದಸರಾ ರಜಕ್ಕೆ ಕರ್ಕೊಂಡ್ ಹೋಗ್ತೀನಿ ಅತ್ತೆ. ಒಪ್ಪದಿದ್ರೆ ಬಲವಂತ ಮಾಡಲ್ಲ. ನಿಮ್ಮತ್ರಾನೇ ಇರ್ಲಿ."

ಒಪ್ಪದಿದ್ರೆ. ಅವರು ಎದ್ದು ಹೋದರು, ಆ ಒಂದು ಮಾತು ನನ್ನ ಕಿವಿಯಲ್ಲಿ ಕೂತುಕೊಂಡಿತು.

ಈಗ ನನ್ನ ಕತೆಯ ವಿಷಯಕ್ಕೆ ಬರುತ್ತೇನೆ.

ಒಬ್ಬ ರಾಜ, ಒಬ್ಬಳು ರಾಣಿ, ಒಬ್ಬಳು ಮಗಳು. ರಾಣಿ ತೀರಿಕೊಳ್ಳುತ್ತಾಳೆ. ಮಲತಾಯಿ ಬರುತ್ತಾಳೆ. ಮಗುವಿನ ಕೈಗೆ ಜರಡಿ ಕೊಟ್ಟು ಹೊಳೆಯಿಂದ ನೀರು ತುಂಬಿಕೊಂಡು ಬಾ ಅನ್ನುತ್ತಾಳೆ. ಮಗು ಅಳುತ್ತಾ ಕೂರುತ್ತೆ. ಒಂದು ಗೀಜಗ ಹಕ್ಕಿ ಬಂದು ಜರಡಿಯ ಕಣ್ಣುಗಳಿಗೆಲ್ಲ ಹಸಿ ಮಣ್ಣು ಮೆತ್ತುತ್ತೆ. ನೀರು ನಿಲ್ಲುತ್ತೆ. ಮಲತಾಯಿಗೆ ಹೊಟ್ಟೆ ಉರಿದು ವಿಷ ಬೆರೆಸಿದ ಹಣ್ಣು ಕೊಡುತ್ತಾಳೆ. ಮಗು ಕಚ್ಚಿ ಉಗಿದುಬಿಡುತ್ತೆ. ರಾಜನಿಗೆ ಗೊತ್ತಾಗಿ ಮಲತಾಯಿಯ ತಲೆ ಬೋಳಿಸಿ, ಕತ್ತೆ ಮೇಲೆ ಕೂರಿಸಿ ಊರಾಚೆ ಕಳಿಸುತ್ತಾನೆ. ಕತ್ತೆಯ ಜಾಗಕ್ಕೆ ಬಂದಾಗ ಅಂಗನವಾಡಿಯ ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಿದ್ದವು. ಗೀತಾ ಕೂಡ ಆ ಮಕ್ಕಳ ಸಾಲಿನಲ್ಲೇ ಕೂತು ಕೇಳಿದವಳು.

ರಿಟೈರ್ ಆಗುವುದಕ್ಕೆ ಮುಂಚೆ ನಮಗೆ ಮೈಸೂರಿನಲ್ಲಿ ಒಂದು ಟ್ರೈನಿಂಗ್ ಇತ್ತು. ಒಬ್ಬ ಮೇಡಂ ಬಂದು ಹಳೆಯ ಕತೆಗಳನ್ನು ಈ ಕಾಲಕ್ಕೆ ತಕ್ಕ ಹಾಗೆ ಬದಲಾಯಿಸಿ ಹೇಳಿ ಅಂದರು. ಬಣ್ಣಬಣ್ಣದ ಪುಸ್ತಕ ತೋರಿಸಿದರು. ಒಂದರಲ್ಲಿ ರಾಜಕುಮಾರಿ ಸ್ಕೂಟಿ ಓಡಿಸಿಕೊಂಡು ಹೋಗಿ ರಾಜಕುಮಾರನನ್ನು ಬಿಡಿಸಿಕೊಂಡು ಬರುತ್ತಾಳೆ. ಇನ್ನೊಂದರಲ್ಲಿ ರಾಕ್ಷಸ ಬೆಳಿಗ್ಗೆ ಎದ್ದು ಯೋಗ ಮಾಡುತ್ತಾನೆ. ನಾವೆಲ್ಲ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕೆವು. ಕತೆ ಅಂದರೇನು ಮೊಬೈಲಾ, ವರ್ಷಕ್ಕೊಂದು ಸಲ ಬದಲಾಯಿಸುವುದಕ್ಕೆ? ವಾಪಸ್ ಬಂದು ನಾನು ಹಳೆಯದನ್ನೇ ಹೇಳಿದೆ.

ಅಲ್ಲಿಗೆ ತಪ್ಪೇನೂ ಇಲ್ಲ ಅಂತ ಇಟ್ಟುಕೊಳ್ಳಿ. ತಪ್ಪು ಆದದ್ದು ಈ ವರ್ಷ.

ನನಗೆ ನೂರು ಕತೆ ಬರುತ್ತವೆ. ನರಿಯದು, ಮೊಲದು, ಜಾಣ ಅಗಸನದು. ಆದರೆ ಅಳಿಯ ಬಂದು ಹೋದಮೇಲೆ ಧನ್ಯ ಕತೆ ಕೇಳಿದಾಗಲೆಲ್ಲ ನನ್ನ ಬಾಯಿಗೆ ಬರುತ್ತಿದ್ದದ್ದು ಜರಡಿಯ ಕತೆಯೇ. ವಾರಕ್ಕೆ ಎರಡು ಸಲ, ಮೂರು ಸಲ. ಹಣ್ಣಿನ ಜಾಗದಲ್ಲಿ ದನಿ ಸ್ವಲ್ಪ ತಗ್ಗಿಸಿ ಹೇಳುತ್ತಿದ್ದೆ.

ಯಾಕೆ ಅಂತ ಕೇಳುತ್ತೀರಾ? ಬೇಡ. ನನಗೂ ಗೊತ್ತು, ನಿಮಗೂ ಗೊತ್ತು.

ಸರಿ, ಶನಿವಾರ.

ನಮ್ಮ ಕಡೆ ಇದು ಹೊಗೆಸೊಪ್ಪಿನ ಕಾಲ. ಸೊಪ್ಪು ಒಣಗಿಸುವ ಬ್ಯಾರನ್ ಪಕ್ಕ ಚಪ್ಪರದ ಕೆಳಗೆ ನಾವು ಏಳೆಂಟು ಹೆಂಗಸರು ಸಾಲಾಗಿ ಕೂತು ಹಸಿ ಸೊಪ್ಪನ್ನು ಕೋಲಿಗೆ ಕಟ್ಟುತ್ತಿದ್ದೆವು. ಈ ಕೆಲಸದಲ್ಲಿ ಒಂದು ಕಷ್ಟ ಇದೆ. ಸೊಪ್ಪಿನ ಅಂಟು ಕೈಗೆ ಮೆತ್ತಿಕೊಂಡು ಕಪ್ಪಾಗುತ್ತೆ. ಬೇವಿನಕಾಯಿಗಿಂತ ಕಹಿ. ಆ ಕೈಯಲ್ಲಿ ಕಣ್ಣು ಮುಟ್ಟುವ ಹಾಗಿಲ್ಲ, ಬಾಯಿ ಮುಟ್ಟುವ ಹಾಗಿಲ್ಲ. ಟೀ ಬಂದರೆ ಲೋಟದ ಸುತ್ತ ಸೆರಗು ಸುತ್ತಿ ಹಿಡಿಯುತ್ತೇವೆ. ಇದು ನಮ್ಮೂರಲ್ಲಿ ಯಾರಿಗೂ ಯಾರೂ ಹೇಳಿಕೊಡುವುದಿಲ್ಲ.

ಪವಿತ್ರ ಒಬ್ಬಳೇ ಬಂದಿದ್ದಳು. ಎಲ್ಲೋ ಲೈನ್ ಕಟ್ಟಾಗಿ ಅಳಿಯನಿಗೆ ಡ್ಯೂಟಿ ಬಿದ್ದಿತ್ತಂತೆ. ಇಬ್ಬರೂ ಇನ್ನೊಂದು ದಿನ ಬರಬಹುದಿತ್ತು. ಬರುತ್ತೇನೆ ಅಂತ ಹೇಳಿದ ದಿನ ಬಾರದಿದ್ದರೆ ಚೆನ್ನಾಗಿರಲ್ಲ ಅಂತ ಇವಳೇ ಹೊರಟು ಬಂದಳಂತೆ. ಸತ್ತ ಸವತಿಯ ತವರಿಗೆ, ಗುರುತಿಲ್ಲದ ಊರಿಗೆ, ಒಬ್ಬಳೇ. ನಾನಾಗಿದ್ದರೆ ಬರುತ್ತಿದ್ದೆನಾ? ಖಂಡಿತ ಇಲ್ಲ.

ಚಪ್ಪರದ ಹತ್ತಿರ ಬಂದು ನಿಂತಳು. ನಾನು ಬಾ ಅಂದೆ. ಕೂತ್ಕೋ ಅನ್ನಲಿಲ್ಲ. ಪಕ್ಕದ ಮನೆಯ ಸಾಕಮ್ಮನೇ ಜರುಗಿ ಜಾಗ ಮಾಡಿದಳು. ಸಾಕಮ್ಮನ ನಾಲಿಗೆ ಎಷ್ಟು ಉದ್ದವೋ ಮನಸ್ಸು ಅಷ್ಟೇ ಮೆತ್ತಗೆ.

"ಕೂತ್ಕಳವ್ವ. ಸೀರೆ ಆಳಾದ್ರೆ ನಮ್ನ ಬೈಬ್ಯಾಡ ಅಷ್ಟೇಯ."

ಅವಳು ಕೂತಳು. ಒಂದು ಹಿಡಿ ಸೊಪ್ಪು ಎಳೆದುಕೊಂಡಳು. ಚುಂಚನಕಟ್ಟೆ ಕಡೆಯ ಹುಡುಗಿ, ಬತ್ತದ ಸೀಮೆಯವಳು. ಹೊಗೆಸೊಪ್ಪು ಹಿಡಿದದ್ದೇ ಅದು ಮೊದಲು. ಎಲೆಗಳನ್ನು ಪೈರಿನ ಹಾಗೆ ಹಿಡಿದು ಬಗ್ಗಿಬಗ್ಗಿ ಕಟ್ಟುವುದನ್ನು ನೋಡಿ ಸಾಕಮ್ಮ, ಬಂದವಳು ಸೊಪ್ಪು ಕಟ್ಟುತ್ತಿಲ್ಲ, ನಾಟಿ ಹಾಕುತ್ತಿದ್ದಾಳೆ ಅಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಐದನೇ ಕೋಲಿನ ಹೊತ್ತಿಗೆ ಕೈ ಕೂತಿತ್ತು.

ಶನಿವಾರ ಅರ್ಧ ದಿನ ಸ್ಕೂಲು. ಮಧ್ಯಾಹ್ನ ಧನ್ಯ ಬ್ಯಾಗ್ ಹೊತ್ತುಕೊಂಡು ಬಂದಳು. ಹೊಸ ಮುಖ ನೋಡಿದ್ದೇ ನನ್ನ ಬೆನ್ನ ಹಿಂದೆ ಹೋಗಿ ನಿಂತಳು. ಯಾರು ಅಂತ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಪವಿತ್ರ ಸಡಗರದಲ್ಲಿ ಎದ್ದಳು. ಕೈಯನ್ನು ಸೀರೆಗೆ ಒರೆಸಿಕೊಂಡಳು, ಚಿಪ್ಪಿನಿಂದ ಒಂದು ಹಣ್ಣು ಕಿತ್ತಳು, ಅವಳೇ ಸುಲಿದು ಮಗುವಿನ ಕೈಗೆ ಕೊಟ್ಟಳು. ನಮಗೆಲ್ಲ ಗೊತ್ತಾಗುವಷ್ಟರಲ್ಲಿ ಧನ್ಯ ಒಂದು ತುತ್ತು ಕಚ್ಚಿ ಆಗಿತ್ತು.

ಕಚ್ಚಿದವಳು ಥೂ ಅಂತ ಉಗಿದಳು. ಮುಖ ಬಿಳಿಚಿಕೊಂಡಿತು. ನನ್ನ ಸೆರಗು ಹಿಡಿದು ಮೆತ್ತಗೆ ಹೇಳಿದಳು.

"ಅಜ್ಜೀ, ಇದು ಆ ಹಣ್ಣು."

ಮೆತ್ತಗೆ ಹೇಳಿದರೂ ಚಪ್ಪರದಲ್ಲಿ ಎಲ್ಲರಿಗೂ ಕೇಳಿಸಿತು.

ಯಾವ ಹಣ್ಣು ಅಂತ ಪವಿತ್ರ ಕೇಳಿದಳು. ಪಾಪ, ಅವಳಿಗೇನು ಗೊತ್ತು? ಸಾಕಮ್ಮ ಮಗುವಿಗೆ ಹೇಳಿದಳು, ಅದು ಸೊಪ್ಪಿನ ಅಂಟು, ಕೈ ತೊಳೆಯದೆ ಸುಲಿದಿದ್ದಾರೆ, ಇನ್ನೇನೂ ಇಲ್ಲ ಅಂತ. ಧನ್ಯ ಸಾಕಮ್ಮನನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಸಾಕಮ್ಮ ಹೇಳಿದ್ದಕ್ಕೆ ಅಜ್ಜಿ ಹೌದು ಅಂದರೆ ಅದು ಬರೀ ಅಂಟು. ಅಜ್ಜಿ ಸುಮ್ಮನಿದ್ದರೆ, ಅದು ಆ ಹಣ್ಣೇ.

ನಾನು ಸುಮ್ಮನಿದ್ದೆ.

ಎಷ್ಟು ಹೊತ್ತು? ಒಂದು ಕೋಲಿಗೆ ಎರಡು ಎಲೆ ಕಟ್ಟುವಷ್ಟು ಹೊತ್ತು ಇರಬಹುದು. ಇದನ್ನು ಬರೆಯದೆ ಬಿಟ್ಟುಬಿಡಬಹುದಿತ್ತು. ಆದರೆ ಬೇರೆಯವರ ತಪ್ಪುಗಳ ಬಗ್ಗೆ ನಾನು ಈ ಜಾಗದಲ್ಲಿ ಬೇಕಾದಷ್ಟು ಬರೆದಿದ್ದೇನೆ. ಆ ಎರಡು ಎಲೆಯ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಈಗ ಇವಳು ಹೋಗಲ್ಲ. ಗೀತಾಳ ಮಗಳು ನನ್ನ ಹತ್ತಿರವೇ ಇರುತ್ತಾಳೆ.

ಸಾಕಮ್ಮ ತಡ ಮಾಡಲಿಲ್ಲ. ಪವಿತ್ರಳ ಕಡೆ ತಿರುಗಿ ನೇರ ಹೇಳಿಬಿಟ್ಟಳು.

"ನಮ್ ಟೀಚ್ರಮ್ಮ ಯೋಳೋ ಕತೇಲಿ ಮಲತಾಯಿ ಇಸದ್ ಅಣ್ಣು ಕೊಡ್ತಾಳೆ ಕಣವ್ವ. ಅದ್ಕೇ ಮಗ ಎದ್ರಿರೋದು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪವಿತ್ರ ನನ್ನ ಮುಖ ನೋಡಿದಳು. ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಮೇಲೆ ಅವಳು ಮಾಡಿದ್ದನ್ನು ಕೇಳಿ. ಮಗುವಿನ ಕೈಯಿಂದ ಆ ಹಣ್ಣು ಇಸಿದುಕೊಂಡಳು. ಬಾಯಿಗೆ ಹಾಕಿಕೊಂಡಳು. ಮುಖ ಹಿಂಡಿದ ಹುಣಸೆಹಣ್ಣಾಯಿತು, ಕಣ್ಣಲ್ಲಿ ನೀರು ಬಂತು. ಉಗಿಯಲಿಲ್ಲ. ಪೂರ್ತಿ ತಿಂದು ಮುಗಿಸಿ, ಗುಟುಕು ನೀರು ಕುಡಿದು, ನಮ್ಮ ಕಡೆ ತಿರುಗಿ ಕೇಳಿದಳು.

"ಇಷ್ಟು ಕಹೀನ ಬೆಳೆಯೋಕೆ ಇಷ್ಟೊಂದ್ ಜನ ಬೇಕಾ?"

ಚಪ್ಪರವೇ ನಕ್ಕಿತು. ಸಾಕಮ್ಮ ಬಗ್ಗಿ ಬಗ್ಗಿ ನಕ್ಕಳು. ಧನ್ಯಳ ತುಟಿಯ ತುದಿ ಒಂದು ಸಲ ಅಲುಗಿತು, ನಾನು ನೋಡಿದೆ.

ಪವಿತ್ರ ನಲ್ಲಿಯ ಹತ್ತಿರ ಹೋಗಿ ಹುಣಸೆಹಣ್ಣು, ಸೋಪು ಹಾಕಿ ಮೂರು ಸಲ ಕೈ ಉಜ್ಜಿಕೊಂಡು ಬಂದಳು. ಮಗುವಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಮೂಸಿ ನೋಡು ಅಂತ ಕೈ ಮುಂದೆ ಮಾಡಿದಳು. ಧನ್ಯ ದೂರದಿಂದಲೇ ಮೂಸಿದಳು. ಆಮೇಲೆ, ಆ ಕತೆ ನನಗೂ ಹೇಳು, ಪೂರ್ತಿ ಹೇಳು ಅಂದಳು ಪವಿತ್ರ.

ಧನ್ಯ ಹೇಳಿದಳು. ಅಂಗನವಾಡಿ ಟೀಚರ್ ಮೊಮ್ಮಗಳಲ್ಲವೇ? ಒಂದಕ್ಷರ ಬಿಡದೆ ಹೇಳಿದಳು. ಹಣ್ಣಿನ ಜಾಗದಲ್ಲಿ ನನ್ನ ಹಾಗೇ ದನಿ ತಗ್ಗಿಸಿದಳು.

ನಮ್ಮ ಕಡೆ ಕತೆಗೆ ಒಂದು ನಿಯಮ ಇದೆ. ಕೇಳುವವರು ಮಾತು ಮಾತಿಗೂ ಹ್ಞೂಂ ಅನ್ನಬೇಕು. ಹ್ಞೂಂ ಬಾರದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತೆ. ಪವಿತ್ರ ಒಂದೊಂದು ಮಾತಿಗೂ ಹ್ಞೂಂ ಅಂದಳು. ಮಲತಾಯಿ ಜರಡಿ ಕೊಟ್ಟಳು ಅಂದಾಗ ಹ್ಞೂಂ. ವಿಷ ಬೆರೆಸಿದಳು ಅಂದಾಗ ಹ್ಞೂಂ. ತಲೆ ಬೋಳಿಸಿ ಕತ್ತೆ ಮೇಲೆ ಕೂರಿಸಿದರು ಅಂದಾಗಲೂ ಹ್ಞೂಂ. ನಾವು ತಲೆ ತಗ್ಗಿಸಿಕೊಂಡು ಸೊಪ್ಪು ಕಟ್ಟುತ್ತಿದ್ದೆವು.

"ಈಗ ನಾನ್ ಹೇಳ್ಲಾ?" ಅಂದಳು ಪವಿತ್ರ. "ಇದೇ ಕತೆ. ನಮ್ ಚುಂಚನಕಟ್ಟೆ ಕಡೆ ಸ್ವಲ್ಪ ಬೇರೆ ಥರ ಹೇಳ್ತಾರೆ."

(ಅಲ್ಲಿ ಯಾರೂ ಬೇರೆ ಥರ ಹೇಳಲ್ಲ. ಆ ಕಡೆಯ ಕತೆಗಳೂ ನನಗೆ ಗೊತ್ತು. ಇವಳೇ ಕೂತಲ್ಲೇ ಕತೆ ಕಟ್ಟುತ್ತಿದ್ದಳು.)

ಒಂದೂರಲ್ಲಿ ಒಬ್ಬ ರಾಜ ಅಂದಳು. ಧನ್ಯ ಬಾಯಿ ಬಿಡಲಿಲ್ಲ. ಸಾಕಮ್ಮ ಹ್ಞೂಂ ಅಂದಳು. ಅವನಿಗೆ ಒಬ್ಬಳು ರಾಣಿ, ಒಬ್ಬಳು ಮಗಳು. ಸಾಕಮ್ಮ ಹ್ಞೂಂ ಅಂದಳು. ರಾಣಿ ತೀರಿಕೊಂಡಳು. ಸಾಕಮ್ಮನ ಹ್ಞೂಂ ಸಣ್ಣಗಾಯಿತು.

"ರಾಜ ಇನ್ನೊಂದ್ ಮದ್ವೆ ಆದ. ಮಲತಾಯಿ ಬಂದ್ಲು."

ಸಾಕಮ್ಮ ಸುಮ್ಮನಾದಳು. ಸೊಪ್ಪು ಕಟ್ಟುವ ಕೈಗಳೆಲ್ಲ ನಿಂತವು. ಆ ಹ್ಞೂಂ ಯಾರು ಅನ್ನಬೇಕು ಅಂತ ಅಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು.

ಗೀತಾ ಚಿಕ್ಕವಳಿದ್ದಾಗ ನಿದ್ದೆ ಹತ್ತಿದ ಮೇಲೂ ಹ್ಞೂಂ ಅನ್ನುತ್ತಿದ್ದಳು. ಕತೆ ಮುಗಿದು ನಾನು ಎದ್ದು ಹೋದರೂ ಒಳಗಿಂದ ಒಂದು ಹ್ಞೂಂ ಕೇಳಿಸುತ್ತಿತ್ತು. ಆಸ್ಪತ್ರೆಯಲ್ಲಿ ಕೊನೆಯ ದಿನ ಅವಳಿಗೆ ಮಾತಾಡುವ ಶಕ್ತಿ ಇರಲಿಲ್ಲ. ನಾನು ಪಕ್ಕದಲ್ಲಿ ಕೂತು ಏನೇನೋ ಹೇಳುತ್ತಿದ್ದೆ, ಊರಿನದು, ಮನೆಯದು, ಎಮ್ಮೆ ಕರು ಹಾಕಿದ್ದು. ಅವಳು ಹ್ಞೂಂ ಅನ್ನುತ್ತಿದ್ದಳು. ಒಂದು ಮಾತಿಗೆ ಹ್ಞೂಂ ಬರಲಿಲ್ಲ. ನಾನು ಆ ಮಾತನ್ನೇ ಇನ್ನೊಂದು ಸಲ ಹೇಳಿದೆ.

ಅಲ್ಲಿಂದ ಇಲ್ಲಿಯವರೆಗೆ ನಾನು ಯಾರ ಕತೆಗೂ ಹ್ಞೂಂ ಅಂದಿರಲಿಲ್ಲ. ನಾನು ಹೇಳುವವಳು, ಕೇಳುವವಳಲ್ಲ ಅಂತ ತಪ್ಪಿಸಿಕೊಳ್ಳುತ್ತಿದ್ದೆ.

ಪವಿತ್ರ ಕಾಯುತ್ತಿದ್ದಳು. ಅವಸರ ಮಾಡಲಿಲ್ಲ. ಧನ್ಯ ನನ್ನನ್ನು ನೋಡುತ್ತಿದ್ದಳು.

ನಾನು ಹ್ಞೂಂ ಅಂದೆ.

ದನಿ ಸರಿಯಾಗಿ ಹೊರಡಲಿಲ್ಲ. ಆದರೂ ಕತೆಗೆ ಅಷ್ಟು ಸಾಕಾಯಿತು, ಮುಂದಕ್ಕೆ ಹೊರಟಿತು.

ಅವಳ ಕತೆಯಲ್ಲಿ ಮಲತಾಯಿಗೆ ಅರಮನೆಯಲ್ಲಿ ಏನೂ ಗೊತ್ತಿಲ್ಲ. ಉಪ್ಪು ಎಲ್ಲಿದೆ ಅಂತ ಎರಡು ದಿನ ಹುಡುಕುತ್ತಾಳೆ. ಯಾವ ಸ್ವಿಚ್ ಒತ್ತಿದರೆ ಯಾವ ಲೈಟು ಅಂತ ಗೊತ್ತಿಲ್ಲ. ಎಲ್ಲ ಗೊತ್ತಿರುವುದು ರಾಜಕುಮಾರಿಗೆ. ಆದರೆ ಅವಳು ಮಾತಾಡಲ್ಲ. ಒಂದು ದಿನ ರಾಜಕುಮಾರಿಯೇ ಮಲತಾಯಿಯ ಕೈಗೆ ಜರಡಿ ಕೊಡುತ್ತಾಳೆ. ನಮ್ಮಮ್ಮ ಇದರಲ್ಲೇ ನೀರು ತರ್ತಿದ್ಲು, ನೀನೂ ತಾ ಅನ್ನುತ್ತಾಳೆ.

"ರಾಜಕುಮಾರಿ ಕೊಟ್ಲಾ?" ಧನ್ಯಳಿಗೆ ತಡೆಯಲಾಗಲಿಲ್ಲ.

"ಅವ್ಳೇ ಕೊಟ್ಟಿದ್ದು. ಅವ್ಳಿಗೆ ಕೋಪ ಇತ್ತಲ್ಲ."

ಮಲತಾಯಿ ಹೊಳೆಗೆ ಹೋದಳು. ಏಳು ಸಲ ಮುಳುಗಿಸಿದಳು, ಏಳು ಸಲವೂ ಸೋರಿ ಹೋಯಿತು. ಗೀಜಗ ಬರಲಿಲ್ಲವಾ ಅಂತ ಮಗು ಕೇಳಿತು.

"ದೊಡ್ಡೋರಿಗೆ ಗೀಜಗ ಬರಲ್ಲ ಪುಟ್ಟ. ಅವ್ರೇ ಏನಾದ್ರೂ ಮಾಡ್ಕೋಬೇಕು."

ಏನು ಮಾಡಿದಳು? ಒಂದು ಪಾತ್ರೆಯಲ್ಲಿ ಹೊಳೆಯ ನೀರು ತಗೊಂಡು, ಹೊಳೆ ದಂಡೆಯಲ್ಲಿದ್ದ ರಾಜನ ತೋಟದ ಮನೆಗೆ ಹೋಗಿ, ಫ್ರಿಜ್ಜಿನಲ್ಲಿಟ್ಟು ಐಸ್ ಮಾಡಿದಳು. ಐಸನ್ನು ಜರಡಿಗೆ ಹಾಕಿಕೊಂಡು ಅರಮನೆಗೆ ಹೊರಟಳು.

ರಾಜರ ಕಾಲದಲ್ಲಿ ಫ್ರಿಜ್ ಇರಲಿಲ್ಲ ಅಂತ ಧನ್ಯ ಜಗಳಕ್ಕೆ ಬಂದಳು.

"ಈ ರಾಜ ಲೈನ್‌ಮನ್ ಕಣವ್ವ. ಕಂಬ ಹತ್ತೋ ರಾಜ. ಅವ್ನ ರಾಜ್ಯದಲ್ಲಿ ಕರೆಂಟ್ ಹೋಗೋದೇ ಇಲ್ಲ."

ಹಾಗಾದರೆ ಆ ರಾಜನಿಗೆ ನಮ್ಮೂರ ಕಡೆ ಒಂದು ಸಲ ಬರೋಕೆ ಹೇಳು ಅಂದಳು ಸಾಕಮ್ಮ. ಧನ್ಯ ನಕ್ಕಳು. ಹಲ್ಲು ಬಿದ್ದ ಸಂದಿ ಕಾಣುವ ಹಾಗೆ ನಕ್ಕಳು.

ದಾರಿ ದೂರ, ಬಿಸಿಲು. ಐಸ್ ಕರಗುತ್ತಿದೆ. ಮಲತಾಯಿ ಓಡುತ್ತಿದ್ದಾಳೆ, ಚಪ್ಪಲಿ ಕಿತ್ತು ಹೋಯಿತು, ಬಸ್ ತಪ್ಪಿ ಹೋಯಿತು. ಅರಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಜರಡಿಯಲ್ಲಿ ಉಳಿದದ್ದು ಒಂದು ಗೋಲಿಯಷ್ಟು. ಅದನ್ನೇ ರಾಜಕುಮಾರಿಯ ಮುಂದೆ ಹಿಡಿದಳು. ರಾಜಕುಮಾರಿ ತಗೊಂಡು ಬಾಯಿಗೆ ಹಾಕಿಕೊಂಡಳು.

ಧನ್ಯ ನನ್ನ ಸೆರಗು ಬಿಟ್ಟಿದ್ದಳು. ಯಾವಾಗ ಬಿಟ್ಟಳೋ ಗೊತ್ತಿಲ್ಲ.

"ಕಹಿ ಇತ್ತಾ?" ಅಂತ ಕೇಳಿದಳು.

"ಇಲ್ಲ," ಅಂದಳು ಪವಿತ್ರ. "ಈ ಸಲ ಕೈ ತೊಳ್ಕೊಂಡಿದ್ಲು."

ನನಗೆ ಆ ಟ್ರೈನಿಂಗಿನ ಮೇಡಂ ನೆನಪಾದರು. ಅವರ ಮಾತಿಗೆ ನಕ್ಕಿದ್ದಕ್ಕೆ ಈಗ ನಾಚಿಕೆ ಆಗುತ್ತೆ. ಆದರೂ ಒಂದು ಮಾತು ಹೇಳಬೇಕು. ಸ್ಕೂಟಿ ಕೊಟ್ಟ ಮಾತ್ರಕ್ಕೆ ಹಳೆಯ ಕತೆ ಹೊಸದಾಗುತ್ತೆ ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಪವಿತ್ರಳ ಕತೆಯಲ್ಲೂ ಫ್ರಿಜ್ ಬಂತು, ಬಸ್ ಬಂತು. ಮಕ್ಕಳನ್ನು ನಗಿಸುವುದಕ್ಕೆ ಅವು ಬೇಕು. ಅವಳ ಜಾಣತನ ಬೇರೆ ಕಡೆ ಇತ್ತು. ಮಲತಾಯಿ ಅನ್ನುವ ಮಾತನ್ನು ಅವಳು ಕತೆಯಿಂದ ತೆಗೆಯಲಿಲ್ಲ, ತಾನು ಒಳ್ಳೆಯವಳು ಅಂತ ಎಲ್ಲೂ ಹೇಳಿಕೊಳ್ಳಲಿಲ್ಲ. ಸತ್ತ ರಾಣಿಯನ್ನು ಮರೆ ಮಾಡಲಿಲ್ಲ. ಮಗುವಿನ ಕೋಪ ತಪ್ಪು ಅನ್ನಲಿಲ್ಲ. ಜರಡಿಯನ್ನು ಮಾತ್ರ ಮಗುವಿನ ಕೈಯಿಂದ ತನ್ನ ಕೈಗೆ ತಗೊಂಡಳು. ಎಸ್ಸೆಸ್ಸೆಲ್ಸಿ ಓದಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ಯಾವ ಟ್ರೈನಿಂಗೂ ಆಗಿಲ್ಲ, ಬಣ್ಣದ ಪುಸ್ತಕವೂ ಇಲ್ಲ. ಬಾಯಿ ತುಂಬ ಕಹಿ ಇಟ್ಟುಕೊಂಡು ಇಷ್ಟು ಕಟ್ಟಿದಳು. ಮೂವತ್ತು ವರ್ಷದಲ್ಲಿ ನನಗೆ ಅದು ಹೊಳೆದಿರಲಿಲ್ಲ.

ಊಟ ಮಾಡಿ ನಾಲ್ಕೂವರೆ ಬಸ್ಸಿಗೆ ಹೊರಟಳು. ನಾನು ಮಡಿಲಕ್ಕಿ ಕಟ್ಟಿದೆ. ಎರಡನೆಯವಳು ಬಂದರೆ ಸತ್ತವಳ ತವರಿನವರು ಮಡಿಲು ತುಂಬಬೇಕು ಅಂತ ನಮ್ಮತ್ತೆ ಹೇಳುತ್ತಿದ್ದರು. ಬೆಳಿಗ್ಗೆ ಆ ಯೋಚನೆಯೇ ನನಗೆ ಇರಲಿಲ್ಲ. ಅವಳು ಸೆರಗು ಒಡ್ಡಿದಳು. ಆ ಕೈಯ ಉಗುರ ಸಂದಿಯಲ್ಲಿ ಸೊಪ್ಪಿನ ಕಪ್ಪು ಇನ್ನೂ ಇತ್ತು.

ಧನ್ಯ ಗೇಟಿನ ತನಕ ಹೋದಳು. ಅಲ್ಲಿ ನಿಂತು ಕೇಳಿದಳು.

"ಆಂಟಿ, ನಮ್ ಫ್ರಿಜ್ ಅಲ್ಲೇ ಇದ್ಯಾ? ಅಮ್ಮ ಅಂಟಿಸಿದ್ ಚಿಟ್ಟೆ ಇದ್ಯಾ ಅದ್ರ ಮೇಲೆ?"

"ಇದೆ ಪುಟ್ಟ. ಒಂದ್ ರೆಕ್ಕೆ ಮೇಲಕ್ಕೆ ಎದ್ದಿತ್ತು. ಗಮ್ ಹಾಕಿ ಅಂಟ್ಸಿದ್ದೀನಿ."

ಆಟೋ ತಿರುವಿನಲ್ಲಿ ಮರೆಯಾಗುವ ತನಕ ಧನ್ಯ ಗೇಟು ಹಿಡಿದುಕೊಂಡೇ ಇದ್ದಳು.

ಭಾನುವಾರ ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತಾ ಕತೆ ಹೇಳಜ್ಜಿ ಅಂದಳು. ನಾನು ನರಿಯ ಕತೆ ಶುರು ಮಾಡಿದೆ. ಅದು ಬೇಡ ಅಂದಳು. ಅಗಸನದು? ಬೇಡ. ಐಸಿನ ಕತೆ ಬೇಕು.

ನಾನು ಜಡೆ ಹೆಣೆದು ಮುಗಿಸಿದೆ. ಆಮೇಲೆ ಹೇಳಿದೆ.

"ಅದು ನಂಗೆ ಬರಲ್ಲ ಕಣವ್ವ. ಬರೋರು ಕೆ.ಆರ್. ನಗರದಲ್ಲಿದ್ದಾರೆ. ರಜಕ್ಕೆ ಹೋಗಿ ಕೇಳ್ಕೊಂಡ್ ಬಾ."

ಧನ್ಯ ಹ್ಞೂಂ ಅಂದಳು.

ನಿಮಗೆ ಮಾತ್ರ ಹೇಳುತ್ತೇನೆ: ಆ ಕತೆ ನನಗೆ ಒಂದಕ್ಷರ ಬಿಡದೆ ಬರುತ್ತೆ.